ಪರ್ಶಿಯನ್ ಪುಚ್ಚೆ ತಪ್ಪ ಮದಲು, ಹಣಿಗೆ ಆರ ಕೈಲಿ ಹೇಳಿ ನಿಘಂಟು ಮಾಡಿ

ಅಕ್ಕಂದ್ರೇ, ತಂಗೆಕ್ಕಳೇ, ಈ ಸರ್ತಿ ಹಪ್ಪಳ-ಸೆಂಡಗೆಯ ಶುದ್ದಿ ಇಲ್ಲೆ, ಹಲಸಿನ ಬೇಳೆಯ ಶುದ್ದಿಯೂ ಇಲ್ಲೆ. ಈ ಸರ್ತಿ ಆನು ಜಗಳಕ್ಕೇ ಹೆರಟಿದೆ. ಆರ ಹತ್ತರೆ ಜಗಳ ಹೇಳಿ ಕೇಳಿರೆ, ಉದ್ದ ರೋಮದ ಪರ್ಶಿಯನ್ ಪುಚ್ಚೆಕುಂಞಿಯ ಮಕ್ಕಳ ಹುಟ್ಟಿದ ದಿನಕ್ಕೆ, ಹೊಸಮನೆ ಒಕ್ಕಲಿಂಗೆ, "ಮನೆಲಿ ಅಬ್ಬಗೆ ಉದಾಸೀನ ಅಪ್ಪದು ಬೇಡ" ಹೇಳಿ ಬುಟ್ಟಿಲಿ ಹಾಕಿ ತಂದು ಕೊಡ್ತವರ ಹತ್ತರೆ. ಮತ್ತೆ ಅದರ ತೆಕ್ಕೊಂಡು, "ಅಯ್ಯೋ ಎಷ್ಟು ಚೆಂದ, ಅಳ್ಳೆಯ ಹಾಂಗಿದ್ದು" ಹೇಳಿ ನಾಲ್ಕು ಜೆನಕ್ಕೆ ಪಟ ಕಳುಸಿ, ಆರು ತಿಂಗಳಪ್ಪಗ "ನಿಂಗಳ ತೋಟದ ಮನೆಲಿ ಜಾಗೆ ಇದ್ದನ್ನೆ, ಇದರ ಕೊಂಡೋವುತ್ತಿರೋ" ಹೇಳಿ ಫೋನು ಮಾಡ್ತವರ ಹತ್ತರೆ. ಈ ವರ್ಷ ಎನಗೆ ಹಾಂಗಿಪ್ಪ ಫೋನು ಮೂರು ಬೈಂದು.

ಎಂಗಳ ನೆರೆಕರೆಲೇ ಈಗ ಐದು ಪರ್ಶಿಯನ್ ಇದ್ದು. ಐದಾರು ವರ್ಷದ ಮದಲು ಒಂದೂ ಇತ್ತಿಲ್ಲೆ. ಎಂಗಳ ಮನೆಲಿಪ್ಪದು, ಬಾವನ ಮಗ ಬೆಂಗ್ಳೂರಿನ ಕೆಲಸ ಬಿಟ್ಟು ಹೆರದೇಶಕ್ಕೆ ಹೋಪಗ "ಎರಡು ತಿಂಗಳು ನೋಡಿಗೊಳ್ಳಿ ಚಿಕ್ಕಮ್ಮ" ಹೇಳಿ ಬಿಟ್ಟಿಕ್ಕಿ ಹೋದ್ದು. ಈಗ ನಾಲ್ಕು ವರ್ಷ ಆತು. ಅವ ಮಡುಗಿದ ಹೆಸರು ಸುಲ್ತಾನ್. ಎನ್ನ ಅತ್ತೆಯ ಬಾಯಿಲಿ ಅದು ಸುಬ್ಬ ಆತು, ಈಗ ಸುಬ್ಬ ಹೇಳಿರೇ ತಲೆ ತಿರುಗುಸುದು. ಹಾಂಗಾಗಿ ಆನು ಹೇಳುದು ಪುಸ್ತಕ ಓದಿದ್ದು ಮಾಂತ್ರ ಅಲ್ಲ, ಕೈಲಿ ಹಿಡುದು ಬಾಚಿದ್ದು.

ಮದಲು ಅದರ ಗುಣದ ಶುದ್ದಿ ಹೇಳ್ತೆ. ಎಂತಕೆ ಹೇಳಿರೆ ಮೋಸ ಸುರು ಅಪ್ಪದು ಅಲ್ಲಿಂದಲೇ. ಮಾರುವವು ಹೇಳುದು, "ಭಾರೀ ಸಾಧು ಅಕ್ಕಾ, ಒಂದು ಉಪದ್ರ ಇಲ್ಲೆ, ಮಡುಗಿದಲ್ಲಿ ಕೂರ್ತು." ಸಾಧು ಅಪ್ಪು, ಅದರ ಆನು ಅಲ್ಲ ಹೇಳ್ತಿಲ್ಲೆ. ನಮ್ಮ ಊರ ಪುಚ್ಚೆ ಅಟ್ಟಂದ ಹಾರಿ, ಮಾಡಿಂಗೆ ಹತ್ತಿ, ನೆರೆಮನೆಯ ಹಾಲಿನ ಪಾತ್ರಕ್ಕೆ ಮೋರೆ ಹಾಕಿ ಬಪ್ಪಷ್ಟು ಹೊತ್ತಿಲಿ ಈ ಜಾತಿದು ಒಂದು ಕಾಲು ನೀಡಿ ಇನ್ನೊಂದು ಕಾಲು ಮಡುಸಿ ಆವುತ್ತಷ್ಟೆ. ಪರದೆಗೆ ನೇಲ್ತಿಲ್ಲೆ, ಕಪಾಟಿನ ಮೇಗೆ ಹಾರ್ತಿಲ್ಲೆ. ಸ್ವರ ಹೇಳಿರೆ ಎಣ್ಣೆ ಹಾಕದ್ದ ಬಿಜಾಗ್ರಿ ಕೀಂಯ್ ಹೇಳಿದಾಂಗೆ, ಅಷ್ಟೇ. ಎತ್ತಿ ಎತ್ತಿ ಮುದ್ದು ಮಾಡಿರೆ ಹೆಚ್ಚಿನದಕ್ಕೆ ಆಗ. ತನಗೆ ಬೇಕಪ್ಪಗ ಹತ್ತರೆ ಬಂದು, ಮೈಗೆ ತಾಗಿಯೂ ತಾಗದ್ದ ಹಾಂಗೆ ಕೂಪದು ಅದಕ್ಕೆ ಖುಷಿ. ಅದಕ್ಕೆ ಎಲ್ಲವೂ ಹೊತ್ತಿಂಗೆ ಸರಿಯಾಗಿ ಆಯೆಕ್ಕು. ಅದೇ ಜಾಗೆ, ಅದೇ ಬಟ್ಟಲು. ಮನೆಲಿ ತಿಥಿ, ಪೂಜೆ, ಉಪ್ನಾನ ಹೇಳಿ ಹತ್ತು ಜೆನ ಸೇರಿ ಪಾತ್ರ ಸದ್ದು ಮಾಡಿರೆ ಮಂಚದ ಅಡಿಂಗೆ ಹೋದ್ದು ಮರದಿನವೇ ಹೆರ ಬಕ್ಕಷ್ಟೆ. ಗೌಜಿಯ ಮನೆಗೆ, ನಾಲ್ಕು ವರ್ಷದ ಮಕ್ಕೊ ಬಾಲ ಹಿಡುದು ಎಳವ ಮನೆಗೆ, ಇದು ಹೇಳಿದ ಪ್ರಾಣಿ ಅಲ್ಲವೇ ಅಲ್ಲ.

ಆದರೆ ಸಾಧು ಹೇಳುದುದೆ ಉಪದ್ರ ಇಲ್ಲೆ ಹೇಳುದುದೆ ಒಂದೇ ಅಲ್ಲ. ಬೇನೆ ಆದರೆ ಹೇಳಿಗೊಳ್ಳದ್ದೆ ಅಡಗಿ ಕೂಪದು ಎಲ್ಲಾ ಪುಚ್ಚೆಗಳ ಕ್ರಮ. ಊರ ಪುಚ್ಚೆ ಎರಡು ದಿನ ಓಡದ್ದೆ ಹಾರದ್ದೆ ಕೂದರೆ ನವಗೆ ಗೊಂತಾವುತ್ತು, ಎಂತೋ ಆಯಿದು ಹೇಳಿ. ಇದು ಯೇವಗಳೂ ಕೂದೊಂಡೇ ಇಪ್ಪದಲ್ಲದೋ? ಬೇನೆಲಿ ಕೂದ್ದೋ, ಸುಖಲ್ಲಿ ಕೂದ್ದೋ ಹೇಳಿ ಪಕ್ಕನೆ ಗೊಂತಾಗ. ನಮ್ಮ ಕುಟುಂಬಂಗಳಲ್ಲಿ "ಸೊಸೆ ಭಾರೀ ಸಾಧು, ಮಾತೇ ಇಲ್ಲೆ" ಹೇಳಿ ಹೊಗಳ್ಸಿಗೊಂಡವರ ಹೊಟ್ಟೆಲಿ ಎಂತೆಲ್ಲ ಇತ್ತು ಹೇಳಿ ನವಗೆ ಗೊಂತಿಲ್ಲೆಯೋ? ಇದೂ ಹಾಂಗೇ. ಉಪದ್ರ ಇಲ್ಲೆ ಹೇಳುದು ನೋಡುವವಕ್ಕೆ. ಅದಕ್ಕೆ ಎಷ್ಟು ಉಪದ್ರ ಹೇಳಿ ಆರೂ ಕೇಳ್ತವಿಲ್ಲೆ.

ಈ ಜಾತಿ ಎಲ್ಲಿಂದ ಬಂತು ಹೇಳಿ ರಜ್ಜ ಗೊಂತಿದ್ದರೆ ಒಳುದ್ದು ಸುಲಭಲ್ಲಿ ಅರ್ಥ ಅಕ್ಕು. ಪರ್ಶಿಯ ಹೇಳಿರೆ ಈಗಾಣ ಇರಾನ್. ಅಲ್ಲಿ ಖೊರಾಸಾನ್ ಹೇಳುವ ಸೀಮೆ, ಗುಡ್ಡೆ ಜಾಗೆ, ಚಳಿಗಾಲಲ್ಲಿ ಹಿಮ ಬೀಳುವಲ್ಲಿ. ಪಿಯೆತ್ರೊ ದೆಲ್ಲಾ ವಾಲ್ಲೆ ಹೇಳುವ ಇಟೆಲಿಯ ಪ್ರವಾಸಿ 1620ರ ಆಸುಪಾಸಿಲಿ ಅಲ್ಯಾಣ ಉದ್ದ ರೋಮದ ಪುಚ್ಚೆಗಳ ಕಂಡು ಮೆಚ್ಚಿ, ತನ್ನ ದೇಶಕ್ಕೆ ಕೊಂಡೋಯೆಕ್ಕು ಹೇಳಿ ಬರದ್ದ. ನಿಂಗೊಗೆ ತಮಾಷೆ ಕಾಂಗು, ಇದೇ ಮನುಷ್ಯ 1623ರಲ್ಲಿ ನಮ್ಮ ಹೊಡೆಂಗೂ ಬೈಂದ. ಇಕ್ಕೇರಿ ನೋಡಿದ್ದ, ಮಂಗ್ಳೂರು ನೋಡಿದ್ದ, ಉಳ್ಳಾಲದ ರಾಣಿಯ ಕಂಡು ಮಾತಾಡಿದ್ದ. ಖೊರಾಸಾನಿನ ಪುಚ್ಚೆಯೂ ಉಳ್ಳಾಲದ ಬೆಗರೂ ಎರಡೂ ಗೊಂತಿತ್ತಿದ್ದವ ಅವ! ಇರಲಿ. ಹಾಂಗೆ ಯುರೋಪಿಂಗೆ ಹೋದ ಉದ್ದ ರೋಮದ ಪುಚ್ಚೆಗಳ ಒಟ್ಟಿಂಗೆ ಟರ್ಕಿಯ ಅಂಗೋರಾವೂ ಸೇರಿತ್ತು, ಅಲ್ಯಾಣ ಊರ ಪುಚ್ಚೆಗಳೂ ಸೇರಿದವು. 1871ರಲ್ಲಿ ಲಂಡನಿನ ಕ್ರಿಸ್ಟಲ್ ಪ್ಯಾಲೇಸಿಲಿ ದೊಡ್ಡ ಪುಚ್ಚೆ ಪ್ರದರ್ಶನ ಆತು. ಅಲ್ಲಿಂದ ಮತ್ತೆ ಬಹುಮಾನಕ್ಕಾಗಿ ಬೆಳೆಶುದು ಜೋರಾತು. ರೋಮ ಇನ್ನೂ ಉದ್ದ, ಇನ್ನೂ ದಪ್ಪ. ಮೋರೆ ಇನ್ನೂ ಚಪ್ಪಟೆ.

ನೂರು ವರ್ಷ ಹಿಂದಾಣ ಪಟಂಗಳ ನೋಡಿರೆ ಆ ಪುಚ್ಚೆಗೊಕ್ಕೆ ಸರಿಯಾದ ಮೂಗು ಇದ್ದು. ಈಗಾಣ ಕೆಲವಕ್ಕೆ ಎರಡು ಕಣ್ಣಿನ ಮಧ್ಯಲ್ಲಿ ಮೂಗು ಇಲ್ಲೆ, ಒಂದು ಗುಂಡಿ ಇದ್ದು. ಇದಕ್ಕೆ ಅಂಗಡಿಯವು "ಪಂಚ್ ಫೇಸ್" ಹೇಳ್ತವು, ರಜ್ಜ ಮೂಗು ಇಪ್ಪದಕ್ಕೆ "ಡಾಲ್ ಫೇಸ್" ಹೇಳ್ತವು. ಪಂಚ್ ಫೇಸಿಂಗೆ ಕ್ರಯ ಹೆಚ್ಚು! ಉಸುಲು ತೆಗವಲೆ ಕಷ್ಟ, ಕಣ್ಣನೀರು ಇಳುದು ಹೋಪ ನಾಳ ಡೊಂಕಾಗಿ ಯೇವಗಳೂ ಕಣ್ಣಿಂದ ನೀರು ಅರಿವದು, ಸಣ್ಣ ದವಡೆಲಿ ಹಲ್ಲುಗೊ ಒಂದರ ಮೇಗೆ ಒಂದು. ಇಷ್ಟು ಕಷ್ಟ ಇಪ್ಪದಕ್ಕೆ ಹೆಚ್ಚು ಪೈಸೆ. ಸಂತೆಲಿ ಬದನೆ ತೆಕ್ಕೊಂಬಗ ಹುಳು ಕೊರದ್ದಕ್ಕೆ ಹೆಚ್ಚು ಪೈಸೆ ಕೊಡ್ತಿರೋ? ಹಾಂಗಿಪ್ಪದರ ಆರೂ ತೆಕ್ಕೊಳ್ಳದ್ರೆ ಬೆಳೆಶುವವುದೆ ಬೆಳೆಶವು. ತಪ್ಪದೇ ಆದರೆ ಮೂಗು ಇಪ್ಪದರ ತನ್ನಿ.

ಈಗ ಆ ಹಿಮದ ಸೀಮೆಯ ಅಂಗಿ ಹಾಕಿದ ಪ್ರಾಣಿಯ ಮಾರ್ಚಿ-ಎಪ್ರಿಲಿಲಿ ಪುತ್ತೂರಿಲಿ, ಸುಳ್ಯಲ್ಲಿ, ಬದಿಯಡ್ಕಲ್ಲಿ ಮಡುಗಿ ನೋಡಿ. ನವಗೆ ಸೆರಗಿಲಿ ಗಾಳಿ ಹಾಕಿಗೊಂಡರೂ ಕೂಪಲೆ ಎಡಿತ್ತಿಲ್ಲೆ. ಪುಚ್ಚಗೆ ಮೈ ಇಡೀ ಬೆಗರುವ ಕ್ರಮ ಇಲ್ಲೆ, ಬೆಗರುದು ಪಾದದ ಅಡಿಲಿ ಮಾಂತ್ರ. ಚಪ್ಪಟೆ ಮೂಗಿನದಕ್ಕೆ ಉಸುಲಿಲಿ ಬೆಶಿ ಹೆರ ಹಾಕುಲೂ ಎಡಿಯ. ಒಂದು ಪುಚ್ಚೆ ಬಾಯಿ ತೆರದು ನಾಯಿಯ ಹಾಂಗೆ ಏದುವ ವಿಡಿಯೋವ ಒಬ್ಬ ಹೆಮ್ಮಕ್ಕೊ ಎನಗೆ ಕಳುಸಿತ್ತಿದ್ದವು, "ನೋಡಿ, ನೆಗೆ ಮಾಡ್ತು" ಹೇಳಿ! ಅದು ನೆಗೆ ಅಲ್ಲ ಅಕ್ಕಾ. ಪುಚ್ಚೆ ಬಾಯಿ ತೆರದು ಏದಿರೆ, ಒಂದೋ ಬೆಶಿ ತಡವಲೆಡಿಯದ್ದೆ, ಅಲ್ಲದ್ರೆ ಹೃದಯಲ್ಲೋ ಶ್ವಾಸಕೋಶಲ್ಲೋ ತೊಂದರೆ. ಆ ಕ್ಷಣ ತಂಪಿನ ಜಾಗೆಗೆ ಕೊಂಡೋಗಿ, ಪಾದಕ್ಕೆ ಹೊಟ್ಟೆಗೆ ಚೆಂಡಿ ಬಟ್ಟೆ ಮಡುಗಿ, ಫೇನು ಹಾಕಿ, ಡಾಕ್ಟ್ರಿಂಗೆ ಫೋನು ಮಾಡೆಕ್ಕು. ಐಸಿನ ನೀರು ಎರವಲಾಗ. ಏಸಿ ಬೇಕೇ ಬೇಕು ಹೇಳಿ ಆನು ಹೇಳ್ತಿಲ್ಲೆ. ಎಂಗಳ ಹಳೇ ಮನೆಯ ಕಾವಿ ನೆಲವೇ ಸುಬ್ಬನ ಏಸಿ, ಹನ್ನೊಂದು ಗಂಟಗೆ ಅಲ್ಲಿ ಹೊಟ್ಟೆ ಹಾಸಿ ಮನುಗಿರೆ ನಾಲ್ಕು ಗಂಟಗೆ ಏಳುದು. ಆದರೆ ತಗಡಿನ ಮಾಡಿನ ಕೋಣೆಲಿ, ಕಿಟಿಕಿ ಹಾಕಿದ ಮೂರನೇ ಮಾಳಿಗೆಯ ಮನೆಲಿ ಹಗಲಿಡೀ ಕೂಡಿ ಹಾಕಿ ಕೆಲಸಕ್ಕೆ ಹೋಪವು ಇದರ ತಪ್ಪಲೇ ಆಗ. "ಬೋಳುಸಿರೆ ತಂಪಕ್ಕು" ಹೇಳಿ ಮೈ ಇಡೀ ಬೋಳುಸಿ ಬೆಶಿಲಿಂಗೆ ಬಿಡುದೂ ಬೇಡ, ಚರ್ಮ ಸುಡುಗು. ಹೊಟ್ಟೆದು, ಹಿಂದಾಣ ಹೊಡೆದು ಗಿಡ್ಡ ಮಾಡ್ಸಿರೆ ಸಾಕು.

ಇನ್ನು ಹಣಿಗೆ. ಜಗಳದ ಮೂಲ ಇದುವೇ.

"ಪುಚ್ಚೆ ತನ್ನ ತಾನೇ ನಕ್ಕಿ ಚೊಕ್ಕ ಮಾಡಿಗೊಳ್ತು, ಬಾಚುದು ಎಂತಕೆ?" ಹೇಳಿ ಕೇಳ್ತವು. ಊರ ಪುಚ್ಚೆ ಮಾಡಿಗೊಳ್ತು. ಇದರ ರೋಮ ಎರಡು ಪದರ. ಮೇಗಾಣದು ಉದ್ದ, ಅಡಿಲಿ ಹತ್ತಿಯ ಹಾಂಗಿಪ್ಪ ನೊಂಪಿನ ರೋಮ. ಅಡಿಯಾಣದು ಉದುರಿರೆ ನೆಲಕ್ಕೆ ಬೀಳ್ತಿಲ್ಲೆ, ಉದ್ದ ರೋಮಲ್ಲಿ ಸಿಕ್ಕಿಗೊಂಡು ಅಲ್ಲೇ ಗೆಂಟು ಕಟ್ಟುತ್ತು. ನಕ್ಕಿರೆ ಎಂಜಲು ತಾಗಿ ಗೆಂಟು ಇನ್ನೂ ಬಿಗಿ. ನಕ್ಕಿದ ರೋಮ ಹೊಟ್ಟೆಗೆ ಹೋಗಿ ಉಂಡೆ ಆಗಿ ಕಾರ್ತು, ಕಾರದ್ರೆ ಕರುಳಿಲಿ ಸಿಕ್ಕುಲೂ ಸಾಕು. ನಿಂಗಳ ತಲೆಕಸವಿನ ಒಂದು ವಾರ ಬಾಚದ್ದೆ, ಚೆಂಡಿ ತಲೆಲಿ ಜೆಡೆ ಕಟ್ಟಿ ಮಡುಗಿ ನೋಡಿ. ಅದೂ ತಲೆಲಿ ಮಾಂತ್ರ ಅಲ್ಲ, ಕಂಕುಳಿಲಿ, ಹೊಟ್ಟೆಲಿ, ಕೆಮಿಯ ಹಿಂದೆ, ತೊಡೆಯ ಸೆರೆಲಿ. ನೆಡವಗ ಪ್ರತಿ ಹೆಜ್ಜೆಗೂ ಚರ್ಮ ಎಳೆತ್ತು. ಎಳದು ಎಳದು ಅಡಿಯಾಣ ಚರ್ಮ ಕೆಂಪಾವುತ್ತು, ಕೀವಾವುತ್ತು. ಮಳೆಗಾಲಲ್ಲಿ ನೆಳವು ಕೂದು ಹುಳು ಆದ್ದರ ಆನು ಕಣ್ಣಾರೆ ನೋಡಿದ್ದೆ. ಆ ಮನೆಯವು ಹೇಳುದು, "ಎರಡು ವಾರಂದ ಭಾರೀ ಮೌನಲ್ಲಿ ಕೂದೊಂಡಿತ್ತು" ಹೇಳಿ.

ದಿನಕ್ಕೆ ಹದಿನೈದು ನಿಮಿಷ, ದಿನಾಗಳೂ. ಏಕಾದಶಿ, ಸೂತಕ, ಮದುವೆ, ಜ್ವರ, ಯೇವದಕ್ಕೂ ರಜೆ ಇಲ್ಲೆ. ವರ್ಷಕ್ಕೆ 91 ಗಂಟೆ ಆತು. ಸರಿಯಾಗಿ ನೋಡಿಗೊಂಡರೆ ಪುಚ್ಚೆ 12ರಿಂದ 15 ವರ್ಷ ಬದುಕುತ್ತು. ಆನು ಪಿಯುಸಿ ವರೆಗೆ ಕಲ್ತದಾದರೂ ಗುಣಾಕಾರ ಬತ್ತು: ಸಾವಿರ ಗಂಟೆ ದಾಂಟುತ್ತು. ಈ ಸಾವಿರ ಗಂಟೆ ಆರದ್ದು? ಮಗ ತತ್ತ. ಪುಳ್ಳಿಯಕ್ಕೊ ಆಡ್ತವು. ಗೆಂಡುಮಕ್ಕೊ ಜೆಗಿಲಿಲಿ ಕೂದು ಬಂದವಕ್ಕೆ ತೋರುಸಿ, "ಇಂಪೋರ್ಟೆಡ್ ಜಾತಿ" ಹೇಳ್ತವು. ಬಾಚುದು, ಕಣ್ಣು ಉದ್ದುದು, ಮಣ್ಣಿನ ತಟ್ಟೆ ಚೊಕ್ಕ ಮಾಡುದು, ಸೋಫಂದ ರೋಮ ಹೆರ್ಕುದು ಆರು ಹೇಳಿ ಬರೆಯೆಕ್ಕಾದ್ದಿಲ್ಲೆ. ಉಡುಗೊರೆ ಹೇಳಿ ಕೊಡುದು ಪುಚ್ಚೆಯ ಅಲ್ಲ, ಸಾವಿರ ಗಂಟೆಯ ಕೆಲಸವ. ಅದರ ನಮ್ಮ ಹತ್ತರೆ ಒಂದು ಮಾತು ಕೇಳದ್ದೆ ಕೊಡ್ತವು, ನಾವು ನೆಗೆ ಮಾಡಿ ತೆಕ್ಕೊಳ್ತು.

ಬಾಚುವ ಕ್ರಮ ಗೊಂತಿಲ್ಲದ್ದವಕ್ಕೆ ಹೇಳ್ತೆ. ಪ್ಲೇಸ್ಟಿಕಿನ ಹಣಿಗೆ ಬೇಡ, ಕಬ್ಬಿಣದ ಹಣಿಗೆಯೇ ಆಯೆಕ್ಕು. ಮದಲು ಹಲ್ಲು ವಿರಳ ಇಪ್ಪದು, ಮತ್ತೆ ಸಣ್ಣದು. ಬುಡದ ಹತ್ತರೆ ರೋಮವ ಒಂದು ಕೈಲಿ ಹಿಡ್ಕೊಂಡು ಕೊಡಿಂದ ಬಿಡುಸಿಗೊಂಡು ಬರೆಕ್ಕು, ನಾವು ಕೂಸುಗಳ ತಲೆ ಬಾಚುವ ಹಾಂಗೆಯೇ. ಬೆನ್ನು ಬಾಚಿ ಬಿಟ್ಟರೆ ಆಗ. ಬೆನ್ನಿಲಿ ಗೆಂಟು ಅಪ್ಪದೇ ಕಮ್ಮಿ, ಹೊಟ್ಟೆ-ಕಂಕುಳು-ತೊಡೆಯೇ ಮುಖ್ಯ. ಗೆಂಟು ದೊಡ್ಡ ಆದರೆ ಕತ್ತರಿ ಹಿಡಿವಲೇ ಆಗ. ಪುಚ್ಚೆಯ ಚರ್ಮ ಕಾಗದದಷ್ಟು ತೆಳು, ಗೆಂಟಿನ ಒಟ್ಟಿಂಗೆ ಮೇಗೆ ಎದ್ದು ಬತ್ತು, ರೋಮ ಹೇಳಿ ಚರ್ಮ ಕತ್ತರುಸಿದವು ಇದ್ದವು. ಡಾಕ್ಟ್ರು ಮಿಶಿನಿಲಿ ತೆಗೆತ್ತವು. ಮೀಶುದು ಆದರೆ ಮದಲು ಗೆಂಟು ಬಿಡುಸಿ ಮತ್ತೆ ನೀರು, ಇಲ್ಲದ್ರೆ ನೀರು ಬಿದ್ದ ಗೆಂಟು ಕಲ್ಲಾವುತ್ತು. ಮಿಂದ ಮತ್ತೆ ಬುಡದ ವರೆಗೆ ಒಣಗೆಕ್ಕು. ನಮ್ಮ ಆಟಿ ತಿಂಗಳಿಲಿ ವಸ್ತ್ರವೇ ಒಣಗುತ್ತಿಲ್ಲೆ, ಇದರ ರೋಮ ಒಣಗುಗೋ? ಹಾಂಗೇ ಚೆಂಡಿ ಒಳುದರೆ ಹುಳುಕಜ್ಜಿ ಬಪ್ಪಲೆ ಅಕ್ಕಾದ ಜಾಗೆ ಆತು. ಈ ಜಾತಿಗೆ ಅದು ಬೇರೆ ಪುಚ್ಚೆಗಳಿಂದ ಬೇಗ ಬತ್ತು, ಮಕ್ಕೊಗೂ ಹರಡುತ್ತು. ಉರುಟಾಗಿ ರೋಮ ಹೋದ್ದು ಕಂಡರೆ ಮನೆಯ ಎಣ್ಣೆ, ಲೇಪ ಹಾಕೆಡಿ, ಹಾಕಿದ್ದರ ಅದು ನಕ್ಕುತ್ತು. ಡಾಕ್ಟ್ರಿಂಗೆ ತೋರ್ಸಿ.

ಮೋರೆಯೂ ದಿನಾ ಉದ್ದೆಕ್ಕು. ಕೊದುಶಿ ಆರುಸಿದ ನೀರಿಲಿ ನೊಂಪಿನ ಬಟ್ಟೆ ಅದ್ದಿ, ಒಂದು ಕಣ್ಣಿಂಗೆ ಒಂದು ತುಂಡು, ಇನ್ನೊಂದಕ್ಕೆ ಇನ್ನೊಂದು. ನೀರು ಹಳದಿ, ಹಸುರು ಆದರೆ ಅದು ಉದ್ದಿ ಹೋಪ ಸಂಗತಿ ಅಲ್ಲ. ಬಟ್ಟಲುದೆ ಗುಂಡಿ ಇಪ್ಪದು ಆಗ, ಚಪ್ಪಟೆ ಮೋರೆಯ ಪ್ರಾಣಿಗೆ ಅಗಲದ ಪಿಂಗಾಣಿ ತಟ್ಟೆಯೇ ಸರಿ.

ಈಗ ಎಲ್ಲೋರೂ ಎನ್ನ ಬೈವ ವಿಷಯಕ್ಕೆ ಬತ್ತೆ. ಊಟ.

ನಮ್ಮದು ಮೀನು-ಮಾಂಸ ಒಳ ಬಾರದ್ದ ಮನೆಗೊ. "ಎಂಗಳ ಪುಚ್ಚೆ ಹಾಲಶನ ಬಿಟ್ಟು ಬೇರೆ ಮುಟ್ಟ, ಶುದ್ಧ ಸಸ್ಯಾಹಾರಿ" ಹೇಳಿ ಹೆಮ್ಮೆಲಿ ಹೇಳುವವು ನಮ್ಮಲ್ಲಿ ಎಷ್ಟು ಜೆನ! ಅದಕ್ಕೆ ಆರು ಉಪ್ನಾನ ಮಾಡಿದ್ದು? ನಮ್ಮ ಅಜ್ಜಿಯಕ್ಕಳ ಕಾಲಲ್ಲಿ ಪುಚ್ಚೆಗೊ ಹಾಲಶನಲ್ಲೇ ಬದುಕಿದ್ದವಿಲ್ಲೆಯೋ ಹೇಳಿ ಕೇಳುವಿ. ಬದುಕಿದ್ದವು. ಆದರೆ ಹಾಲಶನಲ್ಲಿ ಬದುಕಿದ್ದಲ್ಲ. ನಾವು ತಟ್ಟೆಲಿ ಹಾಕಿದ್ದು ಹಾಲಶನ, ಅವು ಅಡಕ್ಕೆ ಅಟ್ಟಲ್ಲಿ ತಿಂದದು ಎಲಿ, ಗೋಡೆಲಿ ಹಲ್ಲಿ, ತೋಟಲ್ಲಿ ಓಂತಿ. ನವಗೆ ಕಾಣದ್ದಲ್ಲಿ ಊಟ ಮಾಡಿ, ಕಾಂಬಲ್ಲಿ ನೈವೇದ್ಯ ತೆಕ್ಕೊಂಡದು. ಬಾಗಿಲು ಹಾಕಿದ ಮನೆಯ ಪರ್ಶಿಯಂಗೆ ಎಲಿ ಎಲ್ಲಿಂದ? ಎದುರು ಎಲಿ ಬಂದರೂ ಹೆಚ್ಚಿನದು "ಬಾ, ಕೂರು" ಹೇಳುಗು.

ಪುಚ್ಚೆಯ ಮೈಗೆ ಟಾರಿನ್ ಹೇಳುವ ಒಂದು ವಸ್ತು ಬೇಕೇ ಬೇಕು. ಮಾಂಸಲ್ಲಿ, ಮೀನಿಲಿ ಇದ್ದು, ಅಶನಲ್ಲಿ ಇಲ್ಲೆ, ತರಕಾರಿಲಿ ಇಲ್ಲೆ. ಮನುಷ್ಯರ ಹಾಂಗೆ ಅದಕ್ಕೆ ಬೇಕಾದಷ್ಟು ಮೈಲೇ ಮಾಡಿಗೊಂಬಲೆ ಎಡಿಯ. ಅದು ಕಮ್ಮಿ ಆದರೆ ಕಣ್ಣು ಹೋವುತ್ತು, ಹೃದಯ ದೊಡ್ಡ ಆಗಿ ಬಡಿವಲೆಡಿಯದ್ದೆ ಸಾಯ್ತು. ಹೃದಯದ ಈ ಸಂಗತಿಯ ಅಮೇರಿಕದ ಪಶುವೈದ್ಯರು 1987ರಲ್ಲಿ ಕಂಡುಹಿಡುದವು, ಮತ್ತೆಯೇ ಪುಚ್ಚೆ ಆಹಾರದ ಕಂಪೆನಿಗೊ ಅದರ ಹೆಚ್ಚು ಸೇರ್ಸುಲೆ ಸುರು ಮಾಡಿದ್ದು. ಹಾಲಶನ ತಿಂದ ಪುಚ್ಚೆ ನಾಳಂಗೇ ಸಾಯ. ತಿಂಗಳುಗಟ್ಲೆ ಕಳುದು, ಕತ್ತಲೆಲಿ ಗೋಡಗೆ ಮೋರೆ ಬಡುಕ್ಕೊಂಬಗ "ಪಾಪ, ಪ್ರಾಯ ಆತು" ಹೇಳುವಿ. ಹಾಲುದೆ ಅಷ್ಟೆ, ದೊಡ್ಡ ಆದ ಹೆಚ್ಚಿನ ಪುಚ್ಚೆಗೊಕ್ಕೆ ಕರಗುತ್ತಿಲ್ಲೆ, ಹೊಟ್ಟೆ ಹಾಳಾವುತ್ತು. ಉದ್ದ ರೋಮದ ಪುಚ್ಚಗೆ ಹೊಟ್ಟೆ ಹಾಳಾದರೆ ಹಿಂದಾಣ ಹೊಡೆಯ ಅವಸ್ಥೆ ಆನು ಬರೆತ್ತಿಲ್ಲೆ, ಊಟ ಮಾಡಿಗೊಂಡು ಓದುವವುದೆ ಇಕ್ಕು.

ಮನೆಲಿ ಮಾಂಸ ಬೇಶಿ ಹೇಳಿ ಆನು ಹೇಳ್ತಿಲ್ಲೆ. ಪುಚ್ಚಗೆ ಹೇಳಿಯೇ ಮಾಡಿದ ಕಾಳಿನ ಹಾಂಗಿಪ್ಪ ಆಹಾರ ಪೇಟೆಲಿ ಸಿಕ್ಕುತ್ತು. ಚೀಲದ ಹಿಂದೆ ಟಾರಿನ್ ಹೇಳಿ ಬರದ್ದೋ ನೋಡಿ ತೆಕ್ಕೊಳ್ಳಿ. ನಾಯಿದು ಹಾಕೆಡಿ, ಅದರ ಲೆಕ್ಕವೇ ಬೇರೆ. ಎಂಗಳಲ್ಲಿ ಹಿಂದಾಣ ಜೆಗಿಲಿಲಿ ಅದಕ್ಕೆ ಬೇರೆ ತಟ್ಟೆ, ಬೇರೆ ಸೌಟು, ಬೇರೆ ಡಬ್ಬಿ. ಕೊಟ್ಟಿಕ್ಕಿ ಕೈಕಾಲು ತೊಳದು ಒಳ ಬಪ್ಪದು. ಎನ್ನ ಅತ್ತಗೆ 82 ವರ್ಷ, ಮಡಿ ಒಂದು ದಿನ ಬಿಟ್ಟವಲ್ಲ. ಅವು ಹೇಳಿದ್ದು ಒಂದೇ ಮಾತು, "ಹುಲಿಯ ಕುಟುಂಬ ಅದು, ಅದರ ಊಟ ಅದು ಮಾಡಲಿ, ನಿನ್ನ ಊಟ ನೀನು ಮಾಡು." ಆ ಕಾಳಿನ ವಾಸನೆಯೂ ಆಗ ಹೇಳುವವಕ್ಕೆ ಎನ್ನ ವಿರೋಧ ಇಲ್ಲೆ, ಅದು ಅವರ ಮನೆ, ಅವರ ಕ್ರಮ. ಅವು ಮೊಲ ಸಾಂಕಲಿ, ಕಂಜಿ ಸಾಂಕಲಿ. ಪುಚ್ಚೆಯ ತಂದು ಅದರ ಮೇಲೆ ನಮ್ಮ ವ್ರತ ಹೇರುದು ಬೇಡ.

ಇನ್ನೊಂದು. "ಹಶು ಆದರೆ ತಿಂಗು" ಹೇಳಿ ನಾವು ಮಕ್ಕಳ ಹತ್ತರೆ ಹಠ ಮಾಡುವ ಹಾಂಗೆ ಪುಚ್ಚೆಯ ಹತ್ತರೆ ಮಾಡ್ಲಾಗ. ಎರಡು ದಿನ ಏನೂ ತಿನ್ನದ್ರೆ, ಅದರಲ್ಲೂ ದಪ್ಪ ಪುಚ್ಚೆ ಆದರೆ, ಮೈಯ ಕೊಬ್ಬು ಲಿವರಿಂಗೆ ಇಳುದು ಜೀವಕ್ಕೇ ಬಪ್ಪಲೆ ಸಾಕು. ಗಂಡು ಪುಚ್ಚೆ ಪುನಃ ಪುನಃ ತಟ್ಟಗೆ ಹೋಗಿ ಕೂದು, ಮೂತ್ರ ಬಾರದ್ದೆ ಕೂಗಿರೆ ಅದು ಮಲಬದ್ಧತೆ ಅಲ್ಲ, ಹರಳೆಣ್ಣೆ ಕೊಡುದಲ್ಲ. ಮೂತ್ರನಾಳ ಕಟ್ಟಿದ್ದು, ಒಂದೆರಡು ದಿನಲ್ಲಿ ಸಾಯ್ಗು, ಇರುಳಾದರೂ ಹೆರಡೆಕ್ಕು. ಜ್ವರ ಹೇಳಿ ನಮ್ಮ ಪೆರಾಸಿಟಮಾಲ್ ಕೊಡುವವು ಇದ್ದವು. ಪುಚ್ಚಗೆ ಅದು ವಿಷ, ಅರ್ಧ ಮಾತ್ರೆಯೂ ಬೇಡ. ನಾಯಿಯ ಉಣುಗಿಂಗೆ ಬೆನ್ನಿಂಗೆ ಬಿಡುವ ಮದ್ದಿಲಿ ಪರ್ಮೆಥ್ರಿನ್ ಇದ್ದರೆ ಅದೂ ಹಾಂಗೇ. ನೀರುಳ್ಳಿ, ಬೆಳ್ಳುಳ್ಳಿ ಹಾಕಿದ ಅಡಿಗೆ ಒಳುದ್ದು ಹೇಳಿ ಅದಕ್ಕೆ ಹಾಕೆಡಿ.

ಈಗ "ಒಂದು ಜೋಡಿ ತಂದರೆ ಕುಂಞಿ ಹಾಕ್ಸಿ ಮಾರುಲಕ್ಕು, ಕೈಖರ್ಚಿಂಗೆ ಆತು" ಹೇಳುವ ತಂಗೆಕ್ಕೊಗೆ. ಕುಂಞಿಗಳ ತಲೆ ಉರುಟು, ದೊಡ್ಡ. ಹೆರಿಗೆ ಈ ಜಾತಿಗೆ ಬೇರೆ ಪುಚ್ಚೆಗಳಿಂದ ಕಷ್ಟ. ಆಪರೇಶನು ಆದರೆ ನಿಂಗಳ ಕೈಖರ್ಚು ಎಲ್ಲ ಅಲ್ಲಿಗೇ ಹೋತು. ಇನ್ನೊಂದು ಗುಟ್ಟು ಮಾರುವವು ಹೇಳವು: ಮೂತ್ರಪಿಂಡಲ್ಲಿ ನೀರಗುಳ್ಳೆ ಆಗಿ ಬೆಳವ ರೋಗ ಈ ಜಾತಿಯ ರಕ್ತಲ್ಲೇ ಇದ್ದು. ಯುರೋಪಿಲಿ, ಅಮೇರಿಕಲ್ಲಿ ಮದಲು ಪರೀಕ್ಷೆ ಮಾಡುವಗ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪರ್ಶಿಯನಿಲಿ ಕಂಡಿದು. ಅಬ್ಬೆ-ಅಪ್ಪನಲ್ಲಿ ಒಂದಕ್ಕೆ ಇದ್ದರೂ ಸಾಕು, ಕುಂಞಿಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಬತ್ತು. ಅದರ ಜೀನ್ 2004ರಲ್ಲಿ ಸಿಕ್ಕಿತ್ತು, ಅಂದಿಂದ ಪರೀಕ್ಷೆ ಇದ್ದು. "ಅಬ್ಬೆ-ಅಪ್ಪಂಗೆ ಪಿಕೆಡಿ ಪರೀಕ್ಷೆ ಮಾಡ್ಸಿದ್ದಿರೋ" ಹೇಳಿ ಅಂಗಡಿಲಿ ಒಂದರಿ ಕೇಳಿ ನೋಡಿ, ಅವರ ಮೋರೆ ನೋಡುಲಕ್ಕು. ಎಂಗಳ ಸಂಬಂಧಿಕರೊಬ್ಬರು ಪೇಟೆಯ ಒಂದು ಅಂಗಡಿಂದ ತಂದ ಕುಂಞಿಗೆ "ಎರಡು ತಿಂಗಳಾತು, ಇಂಜೆಕ್ಷನು ಆಯಿದು" ಹೇಳಿತ್ತಿದ್ದವು. ಡಾಕ್ಟ್ರು ಹಲ್ಲು ನೋಡಿ ಐದು ವಾರ ಹೇಳಿದವು. ಒಂಬತ್ತನೇ ದಿನ ಹೋತು. ಆ ಮನೆಯ ಕೂಸು ಮೂರು ದಿನ ಉಂಡಿದಿಲ್ಲೆ. ಸಾಕುಪ್ರಾಣಿ ಮಾರುವ ಅಂಗಡಿಗೊ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಲಿ ನೋಂದಣಿ ಮಾಡ್ಸೆಕ್ಕು ಹೇಳಿ 2018ರಲ್ಲೇ ನಿಯಮ ಬೈಂದು. ಆ ಕಾಗದ ಕೇಳುಲೆ ನವಗೆ ನಾಚಿಕೆ ಎಂತಕೆ? ಚಿನ್ನ ತೆಕ್ಕೊಂಬಗ ಹಾಲ್‌ಮಾರ್ಕು ಕೇಳ್ತಿಲ್ಲೆಯೋ? ಮನೆಲಿ ಈಗಾಗಳೇ ಇಪ್ಪದಕ್ಕೆ ಸಂತಾನ ಆಗದ್ದ ಹಾಂಗೆ ಆಪರೇಶನು ಮಾಡ್ಸಿ, ಅದು ಪಾಪದ ಕೆಲಸ ಅಲ್ಲ.

ಎನ್ನ ಮಾತಿಂಗೆ ಎರಡು ಉತ್ತರ ಬಕ್ಕು ಹೇಳಿ ಗೊಂತಿದ್ದು. ಒಂದು, "ಮನುಷ್ಯರ ನೋಡ್ಲೇ ಪುರುಸೊತ್ತಿಲ್ಲೆ, ಪುಚ್ಚಗೆ ಇಷ್ಟೆಲ್ಲ ಆರು ಮಾಡ್ತವು" ಹೇಳಿ. ಅದನ್ನೇ ಆನು ಹೇಳುದು! ಪುರುಸೊತ್ತಿಲ್ಲದ್ರೆ ತರೆಡಿ. ಜಾಲಿಲಿ ಊರ ಪುಚ್ಚೆ ಇದ್ದು, ಅದಕ್ಕೆ ಒಂದು ಮುಷ್ಟಿ ಹಾಕಿ, ರೇಬೀಸಿಂದು ಇಂಜೆಕ್ಷನು ಕೊಡ್ಸಿ, ಅದು ಬದುಕಿಗೊಂಗು, ಎಲಿಯನ್ನೂ ಹಿಡಿಗು. ಎರಡು, "ಪ್ರೀತಿ ಇದ್ದರೆ ಸಾಕು" ಹೇಳಿ. ಸಾಲ. ಪ್ರೀತಿಲಿ ಎದೆಗೆ ಅಮರ್ಸಿ ಹಿಡ್ಕೊಂಡವರ ಕೈಯ ಅಡಿಲೇ ಗೆಂಟು ಇತ್ತು, ಅವಕ್ಕೆ ಗೊಂತಿತ್ತಿಲ್ಲೆ.

ಹಾಂಗಾರೆ ಎಂತ ಮಾಡೆಕ್ಕು ಹೇಳಿರೆ: ಮಗನೋ ಅಳಿಯನೋ "ಅಬ್ಬೆ, ನಿನಗೊಂದು ಪರ್ಶಿಯನ್ ತತ್ತೆ" ಹೇಳುವಗ, "ಬಾಚುದು ಆರು?" ಹೇಳಿ ಕೇಳಿ. "ನೀನೇ" ಹೇಳಿರೆ ಬೇಡ ಹೇಳಿ. ಬೇಡ ಹೇಳುಲೆ ನವಗೆ ಅಭ್ಯಾಸ ಇಲ್ಲೆ, ಗೊಂತಿದ್ದು. ಪುಚ್ಚೆಂದಲೇ ಸುರು ಆಗಲಿ. ನಿಂಗೊಗೇ ಆಶೆ ಇದ್ದು, ಹೊತ್ತೂ ಇದ್ದು ಹೇಳಿ ಆದರೆ ಖಂಡಿತ ತನ್ನಿ, ಹಣಿಗೆ ಹಿಡಿವ ಕ್ರಮ ತೋರ್ಸುಲೆ ಆನು ಬತ್ತೆ. ಕಲ್ತ ಮತ್ತೆ ಅದೊಂದು ಸುಖವೇ. ಹೊತ್ತೋಪಗ ಐದು ಗಂಟಗೆ ಸುಬ್ಬ ತಾನೇ ಬಂದು ಎನ್ನ ಎದುರು ಅಡ್ಡ ಬಿದ್ದು ಹೊಟ್ಟೆ ತೋರುಸುತ್ತು. ಮನೆಲಿ ಈಗಾಗಳೇ ಇಪ್ಪವು, ಈ ಬರದ್ದರ ಓದಿಕ್ಕಿ ಎದ್ದು ಹೋಗಿ ಅದರ ಕಂಕುಳಿಂಗೆ ಕೈ ಹಾಕಿ ನೋಡಿ. ಗಟ್ಟಿ ಎಂತಾರು ಕೈಗೆ ಸಿಕ್ಕಿರೆ ಎನಗೆ ಫೋನು ಮಾಡಿ, ಗಂಟೆ ಎಷ್ಟಾದರೂ ತೊಂದರೆ ಇಲ್ಲೆ.

ಹಾಂ, ಬಪ್ಪ ತಿಂಗಳು ನಮ್ಮ ಅತ್ತಿಗೆಯ ಮಗಳ ಹೊಸಮನೆ ಒಕ್ಕಲಿಂಗೆ ಆರೋ ಪುಚ್ಚೆಕುಂಞಿ ಕೊಡುವ ಅಂದಾಜಿಲಿ ಇದ್ದವಡ. ಆರು ಹೇಳಿ ಆನು ಹೇಳ್ತಿಲ್ಲೆ, ಓದ್ತಾ ಇಕ್ಕು. ಆ ಕೂಸು ಉದಿಯಪ್ಪಗ ಎಂಟಕ್ಕೆ ಹೆರಟರೆ ಇರುಳು ಏಳಕ್ಕೆ ಮನಗೆ ಎತ್ತುದು. ಅದಕ್ಕೆ ಮೂರು ಲೀಟರಿನ ಕುಕ್ಕರು ಇಲ್ಲೆಡ, ಅದರ ಕೊಡಿ.